ಕೆರೆ ಬಾಯಿಗೆ ಜೌಗು ಮಾಡುತ್ತಾರಂತೆ, ಸರಿ. ಜೊಂಡು ಕೊಯ್ಯುವವರು ಯಾರು?

ಏರಿಮೇಲೆ:
ನಮ್ಮ ಕೆರೆ ಅಭಿವೃದ್ಧಿಯ ನಕ್ಷೆ ಕೊನೆಗೂ ಕೈಗೆ ಸಿಕ್ಕಿತು. ವಾಕಿಂಗ್ ಪಾತ್, ಬೇಲಿ, ಗಣಪತಿ ಬಿಡುವ ಕಲ್ಯಾಣಿ, ಮಕ್ಕಳಿಗೆ ಜೋಕಾಲಿ ಎಲ್ಲ ಇದೆ. ಈ ಸಲ ಹೊಸದು ಅಂದರೆ ರಾಜಕಾಲುವೆ (ಮಳೆನೀರಿನ ದೊಡ್ಡ ಕಾಲುವೆ) ಕೆರೆಗೆ ಸೇರುವ ಜಾಗಕ್ಕೆ ಹಸಿರು ಬಣ್ಣ ಬಳಿದು ‘ಜೌಗು ಪ್ರದೇಶ’ ಅಂತ ಬರೆದಿದ್ದಾರೆ. ಒಳ್ಳೆಯದೇ. ಆದರೆ ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ಅಷ್ಟಕ್ಕೇ ‘ಇನ್ನು ಕೆರೆ ಕ್ಲೀನ್’ ಅಂತ ಚಪ್ಪಾಳೆ ಶುರುವಾಗಿದೆ.

ಬೆಂಗಳೂರಿನ ಜಕ್ಕೂರು ಕೆರೆ ನೋಡಿದವರಿಗೆ ಇದರ ಮೂಲ ಗೊತ್ತಿರುತ್ತದೆ. ಸುಮಾರು 160 ಎಕರೆ ಕೆರೆ. ಮೇಲ್ಭಾಗದಲ್ಲಿ ಜಲಮಂಡಳಿಯ ಎಸ್‌ಟಿಪಿ ಇದೆ, ಮೊದಲು ಕಟ್ಟಿದಾಗಲೇ ದಿನಕ್ಕೆ 1 ಕೋಟಿ ಲೀಟರ್ ಕೊಳಚೆ ಶುದ್ಧ ಮಾಡುವಷ್ಟು ದೊಡ್ಡದಿತ್ತು. ಅಲ್ಲಿಂದ ಹೊರಬಂದ ನೀರು ನೇರವಾಗಿ ಕೆರೆಗೆ ಬೀಳುವುದಿಲ್ಲ. ಜೊಂಡು, ಅಂತರಗಂಗೆ, ನೀರುಹುಲ್ಲು ತುಂಬಿದ ಜೌಗಿನಲ್ಲಿ ನಿಧಾನಕ್ಕೆ ಹರಿದು ಆಮೇಲೆ ಕೆರೆ ಸೇರುತ್ತದೆ. ಐಐಎಸ್‌ಸಿಯ ಟಿ.ವಿ. ರಾಮಚಂದ್ರ ಅವರ ತಂಡ ಅಲ್ಲಿನ ನೀರು ಪರೀಕ್ಷೆ ಮಾಡಿ, ಜೌಗು ದಾಟಿದ ಮೇಲೆ ನೈಟ್ರೇಟ್, ಫಾಸ್ಫೇಟ್ ಎರಡೂ ಇಳಿದಿರುವುದನ್ನು ತೋರಿಸಿತ್ತು. ಆಮೇಲೆ ಬೆಂಗಳೂರಿನಲ್ಲಿ ಯಾವ ಕೆರೆಯ ಮಾತು ಎತ್ತಿದರೂ ‘ಜಕ್ಕೂರು ಮಾದರಿ’ ಅನ್ನುತ್ತಾರೆ.

ಆ ಮಾದರಿಯಲ್ಲಿ ಅರ್ಧ ಮಾತ್ರ ನಮ್ಮ ನಕ್ಷೆಗೆ ಬಂದಿದೆ ಅನ್ನುವುದು ನನ್ನ ತಕರಾರು. ಅಲ್ಲಿ ನೀರು ಎಸ್‌ಟಿಪಿ ದಾಟಿ ಜೌಗಿಗೆ ಬರುತ್ತದೆ. ಇಲ್ಲಿ ರಾಜಕಾಲುವೆಯ ಹಸಿ ಕೊಳಚೆಯೇ ನೇರ ಜೌಗಿಗೆ. ಇನ್ನೊಂದು, ಜೊಂಡು ಬೆಳೆದ ಮೇಲೆ ಅದನ್ನು ಕೊಯ್ದು ಹೊರಗೆ ಸಾಗಿಸುವವರು ಯಾರು ಅಂತ ಒಂದು ಸಾಲೂ ಇಲ್ಲ. ಏನಂತೀರಿ?

ಬಾಲ್ಕನಿವಾಸಿ:
ನಾನು ವಿರೋಧವಾಗಿಯೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಮನೆ ಕೆರೆಗೆ ಎದುರು. ಈಗಲೇ ಆ ಮೂಲೆಯಲ್ಲಿ ಆಳೆತ್ತರ ಜೊಂಡು. ಸಂಜೆ ಆರಕ್ಕೆ ಕಿಟಕಿ ಮುಚ್ಚದಿದ್ದರೆ ಸೊಳ್ಳೆ ಎತ್ತಿಕೊಂಡು ಹೋಗುತ್ತವೆ. ಹಾವೂ ಬರುತ್ತವೆ. ಅದನ್ನೆಲ್ಲ ಕಿತ್ತು ಹೂಳೆತ್ತಿ ತಿಳಿನೀರು ನಿಲ್ಲಿಸಿ ಅಂತ ನಾವು ಅರ್ಜಿ ಕೊಟ್ಟರೆ, ಇವರು ಇನ್ನಷ್ಟು ಜೊಂಡು ನೆಡುತ್ತಾರಂತೆ. ಎಸ್‌ಟಿಪಿ ನೀರು ಹೇಗೂ ಕ್ಲೀನ್ ಅಲ್ವಾ? ಮತ್ತೆ ಜೌಗು ಯಾಕೆ?

ಟ್ಯಾಂಕ್_ಅಣ್ಣ:
ಕೊನೆಯ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ಅಪಾರ್ಟ್‌ಮೆಂಟ್ ಎಸ್‌ಟಿಪಿ ನಡೆಸುವುದೇ ನನ್ನ ಕೆಲಸ.

ಎಸ್‌ಟಿಪಿ ನೀರು ನೋಡುವುದಕ್ಕೆ ಕ್ಲೀನ್. ಲ್ಯಾಬ್ ವರದಿಯಲ್ಲಿ ಬಿಒಡಿ 10ಕ್ಕಿಂತ ಕಡಿಮೆ ಬಂದರೆ ಎಲ್ಲರಿಗೂ ಖುಷಿ. ಬಿಒಡಿ ಅಂದರೆ ಕೊಳೆಯುವ ಪದಾರ್ಥ ಎಷ್ಟು ಉಳಿದಿದೆ ಅನ್ನುವ ಲೆಕ್ಕ, ಅಷ್ಟೇ. ಕೊಳೆತು ಮುಗಿದ ಮೇಲೆ ನೀರಲ್ಲಿ ಕರಗಿ ಉಳಿಯುವ ಗೊಬ್ಬರದ ಲೆಕ್ಕ ಅದರಲ್ಲಿ ಬರುವುದಿಲ್ಲ. ಸಾರಜನಕವನ್ನು (ನೈಟ್ರೋಜನ್) ಕೆಲವು ಸಲ ಅಳೆಯುತ್ತಾರೆ. ರಂಜಕದ (ಫಾಸ್ಫರಸ್) ಸಾಲು ಇರುವ ವರದಿ ನನ್ನ ಕೈಗೆ ಬಂದಿದ್ದು ಅಪರೂಪ. ಅದಕ್ಕೆ ಕಾರಣವೂ ಇದೆ. ಕೇಂದ್ರ ಪರಿಸರ ಇಲಾಖೆ 2017ರಲ್ಲಿ ಹೊರಡಿಸಿದ ಎಸ್‌ಟಿಪಿ ನಿಯಮದಲ್ಲಿ ರಂಜಕಕ್ಕೆ ಮಿತಿಯೇ ಇರಲಿಲ್ಲ. 2019ರ ಏಪ್ರಿಲ್‌ನಲ್ಲಿ ಹಸಿರು ನ್ಯಾಯಮಂಡಳಿ ನಿಯಮ ಬಿಗಿ ಮಾಡಿ, ಕೆರೆಗೆ ಬಿಡುವ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ರಂಜಕ ಅಂತ ಹೇಳಿತು.

ಮನೆಯಲ್ಲೇ ನೋಡಬಹುದು. ನಮ್ಮ ಪ್ಲಾಂಟಿನ ಔಟ್‌ಲೆಟ್ ನೀರನ್ನು ಬಿಸ್ಲೇರಿ ಬಾಟಲಿಯಲ್ಲಿ ಹಿಡಿದು ಟೆರೇಸ್ ಬಿಸಿಲಲ್ಲಿ ಇಡಿ. ಮೊದಲ ದಿನ ಗಾಜಿನ ಹಾಗೆ ಇರುತ್ತದೆ, ವಾಸನೆಯೂ ಇಲ್ಲ. ಕೆಲವೇ ದಿನಕ್ಕೆ ಬಾಟಲಿಯ ಒಳಗೋಡೆಗೆ ಹಸಿರು ಲೋಳೆ ಕಟ್ಟುತ್ತದೆ. ಬೆರಳು ಹಾಕಿದರೆ ಜಾರುತ್ತದೆ. ಕೆರೆಯಲ್ಲಿ ಆಗುವುದೂ ಅದೇ, ಎಕರೆಗಟ್ಟಲೆ.

ಈಗ ಲೆಕ್ಕ. ಲೀಟರಿಗೆ ಬರೀ 1 ಮಿಲಿಗ್ರಾಂ ಅಂದುಕೊಳ್ಳಿ, ಅಂದರೆ ನ್ಯಾಯಮಂಡಳಿಯ ಬಿಗಿ ಮಿತಿ. ದಿನಕ್ಕೆ 1 ಕೋಟಿ ಲೀಟರ್ ಬಂದರೆ ದಿನಕ್ಕೆ 10 ಕೆಜಿ ರಂಜಕ ಕೆರೆಗೆ ಇಳಿಯಿತು. 1 ಕೆಜಿ ರಂಜಕ ಸುಮಾರು 100 ಕೆಜಿ ಒಣ ಪಾಚಿ ಬೆಳೆಸಬಲ್ಲದು. ದಿನಕ್ಕೆ ಒಂದು ಟನ್ ಪಾಚಿಗೆ ಸಾಕಾಗುವ ಗೊಬ್ಬರ ಆಯಿತು. ಕಾನೂನು ಪಾಲಿಸಿದ ಮೇಲೂ!

ಬಾಟನಿ_ಮೇಷ್ಟ್ರು:
ಟ್ಯಾಂಕ್ ಅಣ್ಣ ಚೆನ್ನಾಗಿ ಹೇಳಿದರು. ಒಂದು ವಿಷಯ ಬಿಡಿಸಿ ಹೇಳಿದರೆ ಈ ಚರ್ಚೆಗೆ ಅನುಕೂಲ. ಸಾರಜನಕ, ರಂಜಕ ಎರಡನ್ನೂ ಸೇರಿಸಿ ‘ಜೌಗು ಹೀರಿಕೊಳ್ಳುತ್ತದೆ’ ಅಂದುಬಿಡುತ್ತೇವೆ. ಎರಡರ ದಾರಿ ಬೇರೆ ಬೇರೆ.

ಒಂದು ಜೊಂಡಿನ ಬುಡವನ್ನು ಕೆಸರಿನಿಂದ ಕಿತ್ತು ನೋಡಿ. ಬುಡ ಬೆಳ್ಳಗೆ, ಸ್ಪಂಜಿನ ಹಾಗೆ ಮೆತ್ತಗೆ, ತುಂಬ ಗಾಳಿಗೂಡು. ಎಲೆಯಿಂದ ಬೇರಿಗೆ ಆಮ್ಲಜನಕ ಇಳಿಯುವುದು ಅದರಲ್ಲೇ. ಬೇರಿನ ಸುತ್ತ ಕೆಲವು ಕಡೆ ಇಟ್ಟಿಗೆ ಬಣ್ಣದ ಲೇಪ ಕಾಣುತ್ತದೆ. ಅದು ತುಕ್ಕು, ಅಂದರೆ ಕೆಸರಿನ ಕಬ್ಬಿಣಕ್ಕೆ ಆಮ್ಲಜನಕ ತಗುಲಿದ್ದು. ಒಂದು ಬೆರಳಗಲ ಆಚೆ ಹೋದರೆ ಕಪ್ಪು ಕೆಸರು, ಆಮ್ಲಜನಕ ಇಲ್ಲ, ಕೊಳೆತ ಮೊಟ್ಟೆ ವಾಸನೆ. ಗಾಳಿ ಇರುವ ಕಡೆ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೇಟ್ ಮಾಡುತ್ತವೆ. ಪಕ್ಕದ ಗಾಳಿ ಇಲ್ಲದ ಕೆಸರಿನಲ್ಲಿ ಬೇರೆ ಬ್ಯಾಕ್ಟೀರಿಯಾಗಳು ಆ ನೈಟ್ರೇಟನ್ನು ಒಡೆದು ಸಾರಜನಕ ಅನಿಲ ಮಾಡಿ ಗಾಳಿಗೆ ಬಿಡುತ್ತವೆ. ಆ ಪಾಲು ಕೆರೆಯಿಂದ ಹೋಗಿಯೇ ಹೋಯಿತು. ಈ ಕೆಲಸಕ್ಕೆ ಅವಕ್ಕೆ ಇಂಗಾಲ ಬೇಕು, ಕೊಳೆಯುವ ಜೊಂಡಿನ ಎಲೆಯಿಂದ ಸಿಗುತ್ತದೆ. ಹಾಗಾಗಿ ಜೌಗನ್ನು ಗುಡಿಸಿದ ಹಾಗೆ ಕ್ಲೀನ್ ಮಾಡುವುದೂ ತಪ್ಪು.

ರಂಜಕಕ್ಕೆ ಈ ಭಾಗ್ಯ ಇಲ್ಲ. ಅದು ಗಾಳಿಗೆ ಹೋಗುವುದಿಲ್ಲ. ಕಬ್ಬಿಣ, ಅಲ್ಯೂಮಿನಿಯಂ, ಸುಣ್ಣದ ಅಂಶಕ್ಕೆ ಅಂಟಿ ಕೆಸರಿನಲ್ಲಿ ಕೂರುತ್ತದೆ, ಇಲ್ಲವೇ ಗಿಡದ ಒಳಗೆ ಸೇರುತ್ತದೆ. ಗಿಡ ಸತ್ತು ಕೊಳೆತರೆ ಮತ್ತೆ ನೀರಿಗೆ. ತಳದಲ್ಲಿ ಆಮ್ಲಜನಕ ಪೂರ್ತಿ ಮುಗಿದರೆ ಕಬ್ಬಿಣವೂ ಹಿಡಿತ ಸಡಿಲ ಬಿಡುತ್ತದೆ, ಆಗಲೂ ನೀರಿಗೆ. ಹೊಸ ಜೌಗು ಮೊದಮೊದಲು ಅದ್ಭುತ ಫಲಿತಾಂಶ ಕೊಡುವುದು ಮಣ್ಣು ಇನ್ನೂ ಖಾಲಿ ಇರುವುದರಿಂದ. ಮಣ್ಣು ತುಂಬಿದ ಮೇಲೆ ಏನು ಅನ್ನುವುದೇ ಪ್ರಶ್ನೆ. ಉದ್ಘಾಟನೆಯ ವರ್ಷದ ಲ್ಯಾಬ್ ವರದಿ ತೋರಿಸಿ ಯಾರಾದರೂ ಬೀಗಿದರೆ ಸ್ವಲ್ಪ ತಡೆಯಿರಿ ಅನ್ನಬೇಕು.

ಏರಿಮೇಲೆ:
ಸರ್, ಹಾಗಾದರೆ ಜೊಂಡು ಕೊಯ್ದು ಹೊರಗೆ ಹಾಕಿದರೆ ರಂಜಕ ಎಷ್ಟು ಹೋಗುತ್ತದೆ?

ಟ್ಯಾಂಕ್_ಅಣ್ಣ:
ಮೇಷ್ಟ್ರು ಬರುವುದರೊಳಗೆ ನಾನೇ ಕೂಡಿ ಕಳೆದು ನೋಡಿದೆ. ಒಂದು ಚದರ ಮೀಟರ್ ಜೊಂಡಿನ ಕೊಯ್ಲಿನಲ್ಲಿ ವರ್ಷಕ್ಕೆ 10 ಗ್ರಾಂ ರಂಜಕ ಹೊರಗೆ ಬರುತ್ತದೆ ಅಂತ ಧಾರಾಳವಾಗಿಯೇ ಇಟ್ಟುಕೊಳ್ಳೋಣ. ಎಕರೆಗೆ ಸುಮಾರು 40 ಕೆಜಿ ಆಯಿತು. ದಿನಕ್ಕೆ 10 ಕೆಜಿ ಅಂದರೆ ವರ್ಷಕ್ಕೆ 3,650 ಕೆಜಿ. ಅಷ್ಟನ್ನೂ ಜೊಂಡಿನಿಂದಲೇ ತೆಗೆಯಬೇಕು ಅಂದರೆ 90 ಎಕರೆ ಜೌಗು ಬೇಕು. ಜಕ್ಕೂರು ಕೆರೆಯ ಅರ್ಧಕ್ಕಿಂತ ಜಾಸ್ತಿ! ನಮ್ಮ ನಕ್ಷೆಯಲ್ಲಿ ಹಸಿರು ಬಳಿದಿರುವುದು ಎಷ್ಟು? ಎರಡು ಎಕರೆಯೂ ಇದ್ದ ಹಾಗಿಲ್ಲ.

ಹಸಿ ಕೊಳಚೆಯಲ್ಲಂತೂ ರಂಜಕ ಇದರ ಎಷ್ಟೋ ಪಟ್ಟು. ಅದಕ್ಕೇ ಹೇಳುವುದು, ಮೊದಲು ಎಸ್‌ಟಿಪಿಯಲ್ಲೇ ಆಲಂ ಅಥವಾ ಫೆರಿಕ್ ಕ್ಲೋರೈಡ್ ಹಾಕಿ ರಂಜಕವನ್ನು ಸ್ಲಡ್ಜ್ (ತಳಕ್ಕೆ ಕೂರುವ ಕೆಸರು) ಜೊತೆ ಇಳಿಸಬೇಕು. ಹೊಸ ವಿದ್ಯೆ ಏನಲ್ಲ. ಖರ್ಚು ಇದೆ, ಸ್ಲಡ್ಜ್ ಜಾಸ್ತಿ ಬರುತ್ತದೆ, ಯಾರಿಗೂ ಇಷ್ಟ ಇಲ್ಲ. ಉಳಿದ ಚೂರುಪಾರು ಹಿಡಿಯುವುದು ಜೌಗಿನ ಕೆಲಸ.

ಬಾಲ್ಕನಿವಾಸಿ:
ನೋಡಿ, ನೀವೇ ಒಪ್ಪಿಕೊಂಡಿರಿ. ಎರಡು ಎಕರೆ ಜೌಗಿನಿಂದ ಏನೂ ಆಗುವುದಿಲ್ಲ. ಹಾಗಿದ್ದರೆ ಪೂರ್ತಿ ಹೂಳೆತ್ತಿ ತಿಳಿನೀರು ನಿಲ್ಲಿಸುವುದೇ ಮೇಲು.

ಬಾಟನಿ_ಮೇಷ್ಟ್ರು:
ಹಾಗಲ್ಲಮ್ಮ. ಗೊಬ್ಬರ ತುಂಬಿದ ನೀರು ನಿಂತಿರುವ ಕಡೆ ತಿಳಿನೀರು ಉಳಿಯುವುದಿಲ್ಲ. ಜೊಂಡು ಇಲ್ಲದಿದ್ದರೆ ಪಾಚಿ, ಪಾಚಿ ಇಲ್ಲದಿದ್ದರೆ ಅಂತರಗಂಗೆ. ಯಾರಾದರೂ ಒಬ್ಬರು ಆ ಗೊಬ್ಬರ ತಿಂದೇ ತಿನ್ನುತ್ತಾರೆ. ರಾತ್ರಿ ಪಾಚಿ ಉಸಿರಾಡಿ ಆಮ್ಲಜನಕ ಖಾಲಿ ಮಾಡಿದರೆ ಬೆಳಗಿನ ಜಾವ ಮೀನು ತೇಲುತ್ತವೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯ ದಡಕ್ಕೆ ರಾಶಿ ರಾಶಿ ಮೀನು ಸತ್ತು ಬಂದದ್ದೂ ನೀರಿನಲ್ಲಿ ಆಮ್ಲಜನಕ ಇಲ್ಲದೆಯೇ. ಬೆಳ್ಳಂದೂರಿನಲ್ಲಿ 2018ರ ಜನವರಿಯಲ್ಲಿ ಸೈನಿಕರು ಬಂದು ಆರಿಸಬೇಕಾದ ಬೆಂಕಿ ನೆನಪಿದೆಯಾ? ಕಿಡಿ ಎಲ್ಲಿಂದ ಬಂತು ಅನ್ನುವುದಕ್ಕೆ ಹತ್ತು ವಾದ ಇವೆ. ಉರಿದದ್ದು ಮಾತ್ರ ಇದೇ ಗೊಬ್ಬರದಲ್ಲಿ ಕೊಬ್ಬಿ, ಬೇಸಿಗೆಗೆ ಮುಂಚೆ ಒಣಗಿದ ಹುಲ್ಲು, ಕಳೆ.

ಇನ್ನು ಹೂಳೆತ್ತುವ ಮಾತು. ಎತ್ತಬೇಕು, ಸರಿ. ಆದರೆ ನಮ್ಮ ಗುತ್ತಿಗೆದಾರರು ಹಿಟಾಚಿ ಇಳಿಸಿ ಎಲ್ಲ ಕಡೆ ಒಂದೇ ಸಮ ಆಳಕ್ಕೆ ಕೆತ್ತಿ, ಸುತ್ತ ಕಲ್ಲು ಕಟ್ಟಿ, ಕೆರೆಯನ್ನು ಬೋಗುಣಿ ಮಾಡಿಬಿಡುತ್ತಾರೆ. ಹಳೆ ಕೆರೆ ಏರಿಯ ಕಡೆ ಆಳ, ನೀರು ಬರುವ ಕಡೆ ಮೊಣಕಾಲು ನೀರು. ಆ ತೆಳು ನೀರಿನಲ್ಲೇ ಜೊಂಡು, ಹುಲ್ಲು, ಹಕ್ಕಿ ಎಲ್ಲ. ಜೌಗು ‘ಮಾಡುವುದು’ ಅಂದರೆ ಹೊಸದೇನೂ ಅಲ್ಲ, ನಾವು ಕೆತ್ತಿ ಹಾಕಿದ ಆ ಇಳಿಜಾರನ್ನು ವಾಪಸ್ ಕೊಡುವುದು.

ಸೊಳ್ಳೆಯ ವಿಷಯ ನಿಮ್ಮದು ನ್ಯಾಯವಾದ ದೂರು. ಕೊಯ್ಯದೆ ಬಿಟ್ಟ ಜೊಂಡು ಮುರಿದು ಬಿದ್ದು, ಅದರಡಿ ಕಟ್ಟಿ ನಿಂತ ಕೊಳಚೆಯಲ್ಲಿ ಕ್ಯುಲೆಕ್ಸ್ ಸೊಳ್ಳೆ ಮನಸಾರೆ ಮೊಟ್ಟೆ ಇಡುತ್ತದೆ. ನೀರು ಹರಿಯುತ್ತಿದ್ದು, ನಡುನಡುವೆ ತೆರೆದ ಜಾಗ ಬಿಟ್ಟು, ಮೀನು ಓಡಾಡುವ ಹಾಗಿದ್ದರೆ ತುಂಬ ಕಡಿಮೆ ಆಗುತ್ತದೆ. ಅಲ್ಲಿಗೆ ಮತ್ತೆ ಕೊಯ್ಲಿನ ಮಾತಿಗೇ ಬಂದೆವು.

ಕೋಲಾರದ_ಹೊಲ:
ಚರ್ಚೆ ಓದಿ ನಗು ಬಂತು ಸ್ವಾಮಿ. ನೀವು ರಂಜಕ ರಂಜಕ ಅಂತ ಹೊರಗೆ ಹಾಕುವುದಕ್ಕೆ ಒದ್ದಾಡುತ್ತಿದ್ದೀರಿ, ನಾವು ಸೊಸೈಟಿ ಮುಂದೆ ಡಿಎಪಿ (ರಂಜಕದ ಗೊಬ್ಬರ) ಮೂಟೆಗೆ ಸಾಲು ನಿಲ್ಲುತ್ತೇವೆ.

ನಮ್ಮ ಅಪ್ಪನ ಕಾಲದಲ್ಲಿ ಬೇಸಿಗೆಗೆ ಕೆರೆ ಬತ್ತಿದರೆ ಊರೆಲ್ಲ ಗಾಡಿ ಕಟ್ಟಿಕೊಂಡು ಗೋಡು (ಕೆರೆಯ ಹೂಳು) ಹೊಡೆಯಲು ಇಳಿಯುತ್ತಿದ್ದರು. ಗೋಡು ಒಣಗಿ ಅಂಗೈ ಅಗಲದ ಹೆಂಟೆಯಾಗಿ ಬಿರುಕು ಬಿಟ್ಟಿರುತ್ತಿತ್ತು. ಎಬ್ಬಿದರೆ ಅಡಿಯಲ್ಲಿ ಕಪ್ಪು, ನೆತ್ತಿಯಲ್ಲಿ ಬೂದಿ ಬಣ್ಣ. ಹೊಲದಲ್ಲಿ ಗುಡ್ಡೆ ಹಾಕಿ ಬಿಟ್ಟರೆ ಮೊದಲ ಮಳೆಗೆ ತಾನೇ ಉದುರಿ ಹಿಟ್ಟಾಗುತ್ತಿತ್ತು. ಆ ವರ್ಷದ ರಾಗಿ ನೋಡಬೇಕಿತ್ತು. ನೀವು ಹೇಳುವ ರಂಜಕ ಹೊರಹಾಕುವ ಕೆಲಸ ಅದೇ ಅಲ್ವಾ? ಯಾರೂ ಅದನ್ನು ಕೆರೆ ಸ್ವಚ್ಛತೆ ಅನ್ನುತ್ತಿರಲಿಲ್ಲ. ಗೊಬ್ಬರ ಪುಕ್ಕಟೆ ಸಿಗುತ್ತದೆ ಅಂತ ಹೋಗುತ್ತಿದ್ದರು.

ಈಗ ನಮ್ಮ ಕಡೆ ಕೆರೆಗಳಿಗೆ ನಿಮ್ಮದೇ ನೀರು. 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆ ಶುದ್ಧ ಮಾಡಿ ಕಳಿಸುವ ನೀರು, ಮೊದಲು ಬಂತು. ಕೊಳವೆಬಾವಿ ಚೇತರಿಸಿಕೊಂಡವು, ಸುಳ್ಳು ಹೇಳುವುದಿಲ್ಲ. ಆದರೆ ಎರಡನೇ ಹಂತದವರೆಗೆ ಮಾತ್ರ ಶುದ್ಧ ಮಾಡಿ ಕಳಿಸುವುದು, ಗೊಬ್ಬರದ ಅಂಶ ಜೊತೆಗೇ ಬರುತ್ತದೆ. ಕೆರೆಯಿಂದ ಕೆರೆಗೆ ಕೋಡಿ ಹರಿದು ಹೋಗುವಾಗ ಮೊದಮೊದಲ ಕೆರೆಗಳೇ ನಿಮ್ಮ ಜೌಗಿನ ಕೆಲಸ ಮಾಡುತ್ತಿವೆ. ಅಲ್ಲಿ ಕೂತ ಹೂಳನ್ನು ಮುಂದೆ ಯಾರು ತೆಗೆಯುತ್ತಾರೆ ಅಂತ ನಾನೂ ಕೇಳುತ್ತೇನೆ.

ಏರಿಮೇಲೆ:
ಅಣ್ಣ, ನಮ್ಮ ಜೊಂಡು ಕೊಯ್ದು ಲೋಡ್ ಕಳಿಸಿದರೆ ತಗೊಳ್ಳುತ್ತೀರಾ?

ಕೋಲಾರದ_ಹೊಲ:
ಹೊದಿಕೆಗೆ, ಕಾಂಪೋಸ್ಟ್‌ಗೆ ಆಗುತ್ತದೆ. ಟ್ರಾಕ್ಟರ್ ಬಾಡಿಗೆ ಕೊಟ್ಟು ನಾನಂತೂ ತರಿಸಿಕೊಳ್ಳಲ್ಲ. ನೀರೇ ಜಾಸ್ತಿ ಇರುವ ಸರಕು, ಸಾಗಿಸಿದರೆ ನೀರಿಗೇ ದುಡ್ಡು ಕೊಟ್ಟ ಹಾಗೆ. ಅಲ್ಲೇ ಒಣಗಿಸಿ ಕೊಡಿ, ಆಮೇಲೆ ಮಾತಾಡೋಣ. ಪ್ಲಾಸ್ಟಿಕ್ ಕವರ್ ಸಿಕ್ಕಿಕೊಂಡಿದ್ದರೆ ಬೇಡವೇ ಬೇಡ.

ಟ್ಯಾಂಕ್_ಅಣ್ಣ:
ಒಂದು ಎಚ್ಚರಿಕೆ. ಕಾರ್ಖಾನೆ ನೀರು ಸೇರುವ ಕಾಲುವೆಯಾದರೆ ಹುಲ್ಲು, ಹೂಳು ಎರಡರಲ್ಲೂ ಸೀಸ, ಕ್ರೋಮಿಯಂ, ಕ್ಯಾಡ್ಮಿಯಂ ಇರಬಹುದು. ಮೊದಲು ಲ್ಯಾಬ್‌ಗೆ ಕೊಡಿ. ಬೆಂಗಳೂರಿನ ಎಷ್ಟೋ ಕೆರೆಯಲ್ಲಿ ಬೆಳಗ್ಗೆ ಸೈಕಲ್, ಟಿವಿಎಸ್‌ನಲ್ಲಿ ಬಂದು ಹಸುವಿಗೆ ಹುಲ್ಲು ಕೊಯ್ದುಕೊಂಡು ಹೋಗುತ್ತಾರೆ. ರಂಜಕದ ಲೆಕ್ಕದಲ್ಲಿ ನಮಗೆ ಉಪಕಾರ ಮಾಡುತ್ತಿರುವವರು ಅವರೇ. ಬೇಲಿ ಹಾಕಿ ಗೇಟಿಗೆ ಬೀಗ ಜಡಿದರೆ ಮೊದಲು ಹೊರಗೆ ಉಳಿಯುವವರೂ ಅವರೇ. ಆದರೆ ಆ ಹುಲ್ಲು ಹಸುವಿಗೆ ಸುರಕ್ಷಿತವಾ ಅಂತ ನೋಡದೆ ‘ಕೊಯ್ಯಲಿ ಬಿಡಿ’ ಅನ್ನುವುದೂ ಸರಿಯಲ್ಲ, ಆ ಹಾಲು ಯಾರದೋ ಮನೆಗೆ ಹೋಗುತ್ತದೆ.

ಒರ್ಲಾಂಡೋ_ಕನ್ನಡಿಗ:
ಅಮೆರಿಕದ ಫ್ಲೋರಿಡಾದಲ್ಲಿ ನಾನಿರುವ ಊರ ಹತ್ತಿರ ಅಪಾಪ್ಕಾ ಅಂತ ದೊಡ್ಡ ಕೆರೆ ಇದೆ. ಅದರ ಉತ್ತರ ದಡದ ಜೌಗನ್ನು 1940ರ ದಶಕದಲ್ಲಿ ಬತ್ತಿಸಿ ತರಕಾರಿ ಹೊಲ ಮಾಡಿದರು. ಹೊಲದ ಗೊಬ್ಬರದ ನೀರನ್ನು ಪಂಪ್ ಮಾಡಿ ಕೆರೆಗೇ ಬಿಟ್ಟರು. ಕೆರೆ ಬಟಾಣಿ ಸಾರಿನ ಬಣ್ಣಕ್ಕೆ ತಿರುಗಿ ದಶಕಗಟ್ಟಲೆ ಹಾಗೇ ಉಳಿಯಿತು. 1990ರ ದಶಕದಲ್ಲಿ ಸರ್ಕಾರ ಹೊಲಗಳನ್ನು ಕೊಂಡು ಮತ್ತೆ ಜೌಗು ಮಾಡಲು ಹೊರಟಿತು. ಅವಸರದಲ್ಲಿ ನೀರು ನಿಲ್ಲಿಸಿದರು. ಹಳೆ ಕೀಟನಾಶಕ ಮಣ್ಣಿನಲ್ಲೇ ಇತ್ತು. 1998-99ರ ಚಳಿಗಾಲದಲ್ಲಿ ಮೀನು ತಿಂದ ಕೊಕ್ಕರೆ, ಹೆಜ್ಜಾರ್ಲೆಗಳು ನೂರಾರು ಸತ್ತವು. ಹಾಗಾಗಿ ಹೊಲ ಇದ್ದ ಜಾಗದಲ್ಲಿ ಜೌಗು ಮಾಡುವಾಗ ಮಣ್ಣು ಪರೀಕ್ಷೆ ಬಿಡಬೇಡಿ.

ಅಲ್ಲಿ ನನಗೆ ಹಿಡಿಸಿದ್ದು ಇನ್ನೊಂದು. ಕೆರೆಯ ನೀರನ್ನೇ ಜೌಗಿಗೆ ಹಾಯಿಸಿ ಸೋಸಿ ವಾಪಸ್ ಬಿಡುತ್ತಾರೆ. ಜೊತೆಗೆ 1993ರಿಂದ ಗಿಜಾರ್ಡ್ ಶ್ಯಾಡ್ ಅನ್ನುವ ಮೀನನ್ನು ಬಲೆ ಹಾಕಿ ಟನ್‌ಗಟ್ಟಲೆ ಹಿಡಿಯುತ್ತಾ ಬಂದಿದ್ದಾರೆ. ಉದ್ದೇಶವೇ ಮೀನಿನ ಮೈಯಲ್ಲಿರುವ ರಂಜಕವನ್ನು ಕೆರೆಯಿಂದ ಹೊರಗೆ ತರುವುದು. ಇಷ್ಟೆಲ್ಲ ಮಾಡಿಯೂ ಕೆರೆ ಸುಧಾರಿಸುತ್ತಿರುವುದು ನಿಧಾನವಾಗಿ.

ಏರಿಮೇಲೆ:
ಮೀನಿನ ಮಾತು ಚೆನ್ನಾಗಿದೆ. ನಮ್ಮ ಗುಂಪಿನಲ್ಲಿ ಮೀನು ಗುತ್ತಿಗೆ ನಿಲ್ಲಿಸಿ ಅಂತ ಒಬ್ಬರು ಹಟ ಹಿಡಿದಿದ್ದಾರೆ. ಮೀನು ಹಿಡಿದು ಮಾರುವವನು ನಮಗೆ ದುಡ್ಡು ಕೊಟ್ಟು ರಂಜಕ ಹೊತ್ತುಕೊಂಡು ಹೋಗುತ್ತಾನೆ ಅಂತ ಅವರಿಗೆ ಹೇಳಬೇಕು!

ಲೇಔಟ್_ಸೆಕ್ರೆಟರಿ:
ಜೌಗಿನ ಬದಲು ತೇಲುವ ದ್ವೀಪ ಮಾಡಬಹುದಲ್ಲ? ಪೈಪ್, ಥರ್ಮಾಕೋಲ್, ಬಲೆ, ಮೇಲೆ ಗಿಡ. ಹೈದರಾಬಾದಿನ ನೆಕ್ನಾಂಪುರ ಕೆರೆಯಲ್ಲಿ 2018ರಲ್ಲಿ ಬಿಟ್ಟಿದ್ದರು. ನಮಗೆ ಒಂದು ಕಂಪನಿ ಸಿಎಸ್‌ಆರ್ ದುಡ್ಡಿನಲ್ಲಿ ಮಾಡಿಕೊಡುತ್ತೇವೆ ಅಂದಿದೆ. ಜಾಗವೂ ಬೇಡ.

ಟ್ಯಾಂಕ್_ಅಣ್ಣ:
ಅದೇ ಲೆಕ್ಕ ಹಾಕಿ ಸರ್. 100 ಚದರ ಮೀಟರ್ ದ್ವೀಪ, ವರ್ಷಕ್ಕೆ 1 ಕೆಜಿ ರಂಜಕ. ಅದೂ ಗಿಡ ಕೊಯ್ದು ದಡಕ್ಕೆ ತಂದರೆ. ಬೇರಿಗೆ ಅಂಟಿದ ಬ್ಯಾಕ್ಟೀರಿಯಾಗಳು ಸಾರಜನಕದಲ್ಲಿ ಇನ್ನಷ್ಟು ಕೆಲಸ ಮಾಡುತ್ತವೆ, ಇಲ್ಲ ಅನ್ನಲ್ಲ. ಹಕ್ಕಿಗಳಿಗೂ ಇಷ್ಟ. ಕೊಡುತ್ತಾರೆ ಅಂದರೆ ತಗೊಳ್ಳಿ. ಬಿಸಿಲಿಗೆ ಥರ್ಮಾಕೋಲ್ ಪುಡಿಪುಡಿಯಾಗಿ ನೀರಿಗೆ ಸೇರಿದರೆ ಆಯುವವರು ಯಾರು ಅಂತಲೂ ಅವರನ್ನೇ ಕೇಳಿ. ಕಾಲುವೆ ತಿರುಗಿಸುವ ಕೆಲಸದ ಬದಲಿಗೆ ಇದು ಅಂದರೆ ಮಾತ್ರ ಬೇಡ.

ಬಾಟನಿ_ಮೇಷ್ಟ್ರು:
ಕೊಯ್ಲಿನ ಬಗ್ಗೆ ಟೆಂಡರ್‌ಗೆ ಸೇರಿಸಬೇಕಾದ ಮಾತು ಬರೆದುಬಿಡುತ್ತೇನೆ. ಜೊಂಡು ಹಸಿರಾಗಿ ಇರುವಾಗಲೇ ಕೊಯ್ಯಬೇಕು. ಎಲೆ ಒಣಗುವ ಹೊತ್ತಿಗೆ ಗಿಡ ತನ್ನ ಸತ್ವವನ್ನೆಲ್ಲ ಕೆಳಗೆ ಗೆಡ್ಡೆಗೆ ಇಳಿಸಿರುತ್ತದೆ, ಆಗ ಕೊಯ್ದರೆ ಸುಮ್ನೆ ಹುಲ್ಲು ಹೊತ್ತ ಹಾಗೆ. ಕುಡುಗೋಲು ನೀರಿನ ಮಟ್ಟಕ್ಕಿಂತ ಮೇಲೆ ಬೀಳಬೇಕು. ನೀರಿನ ಒಳಗೆ ಕತ್ತರಿಸಿದರೆ ಬೇರಿಗೆ ಗಾಳಿ ಹೋಗುವ ದಾರಿ ಮುಚ್ಚಿ ಗಿಡ ಸಾಯುತ್ತದೆ. ಎಲ್ಲವನ್ನೂ ಒಂದೇ ಸಲ ಬೋಳಿಸಬಾರದು. ಪಟ್ಟಿ ಪಟ್ಟಿಯಾಗಿ, ಗೂಡು ಕಟ್ಟುವ ಕಾಲ ಬಿಟ್ಟು. ನಾಮಗೋಳಿ, ನೀರುಕೋಳಿ ಮರಿ ಮಾಡುವುದು ಅದರೊಳಗೇ. ಕೊಯ್ದದ್ದನ್ನು ದಡದಲ್ಲೇ ಗುಡ್ಡೆ ಹಾಕಿ ಹೋದರೆ ಮೊದಲ ಮಳೆಗೆ ರಸ ಪೂರ್ತಿ ವಾಪಸ್ ಕೆರೆಗೆ.

ಕೆಸರಿನಲ್ಲಿ ಇಳಿದು ಕೊಯ್ಯುವವರಿಗೆ ಗಮ್‌ಬೂಟು, ಗ್ಲೌಸು ಕೊಡಬೇಕು ಅನ್ನುವುದೂ ಬರೆಯಿಸಿ. ಕೊಳಚೆ ನೀರು ಅದು. ಬರಿಗಾಲಲ್ಲಿ ಇಳಿಸುತ್ತಾರೆ, ನೋಡಿದ್ದೇನೆ.

ಬಾಲ್ಕನಿವಾಸಿ:
ಸರಿ, ಕೊಯ್ಯುವುದು ಗ್ಯಾರಂಟಿ ಆದರೆ ನನ್ನ ವಿರೋಧ ಇಲ್ಲ. ಆದರೆ ಒಂದು ಪ್ರಶ್ನೆ. ನಾವು ಮನೆಯಲ್ಲಿ ಏನಾದರೂ ಮಾಡಬಹುದಾ? ಬಟ್ಟೆ ಸೋಪಿನ ಪುಡಿಯಿಂದಲೇ ಇದೆಲ್ಲ ಅಂತಾರಲ್ಲ.

ಟ್ಯಾಂಕ್_ಅಣ್ಣ:
ಸ್ವಲ್ಪ ಪಾಲು ಹೌದು ಮೇಡಂ. ಯುರೋಪಿನಲ್ಲಿ 2013ರಿಂದ ಮನೆ ಬಳಕೆಯ ಬಟ್ಟೆ ಡಿಟರ್ಜೆಂಟ್‌ನಲ್ಲಿ ರಂಜಕಕ್ಕೆ ಕಟ್ಟುನಿಟ್ಟು ಮಿತಿ ಇದೆ. ನೀವು ಫಾಸ್ಫೇಟ್ ಇಲ್ಲದ್ದನ್ನು ನೋಡಿ ಕೊಳ್ಳಬಹುದು. ಆದರೆ ದೊಡ್ಡ ಪಾಲು ನಮ್ಮ ಟಾಯ್ಲೆಟ್‌ನಿಂದಲೇ. ಊಟ ಮಾಡುವವರೆಗೆ ಅದು ತಪ್ಪಿದ್ದಲ್ಲ. ಕಾವೇರಿ ಐದನೇ ಹಂತದಲ್ಲಿ 2024ರ ಅಕ್ಟೋಬರ್‌ನಿಂದ ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರು ಕೊಡುವ ಯೋಜನೆ ಶುರುವಾಗಿದೆ. ಬಂದ ನೀರಿನಲ್ಲಿ ಹೆಚ್ಚಿನದು ಕೊಳಚೆಯಾಗಿ ಹೊರಗೆ ಹೋಗಲೇಬೇಕು. ಯುಜಿಡಿ (ಒಳಚರಂಡಿ) ಸಂಪರ್ಕ ಇಲ್ಲದ ಮನೆಯದು ಸೀದಾ ರಾಜಕಾಲುವೆಗೆ.

ಏರಿಮೇಲೆ:
ಹಾಗಾದರೆ ವಾರ್ಡ್ ಕಚೇರಿ ಸಭೆಗೆ ನಾನು ಕೇಳುವುದು ಇಷ್ಟು. ಮಳೆ ಇಲ್ಲದ ದಿನ ಕಾಲುವೆಯಲ್ಲಿ ಹರಿಯುವ ಕೊಳಚೆಯನ್ನು ಹಿಡಿದು ಯುಜಿಡಿಗೋ ಎಸ್‌ಟಿಪಿಗೋ ತಿರುಗಿಸುವುದು ಮೊದಲು, ಜೌಗು ಆಮೇಲೆ. ಜೌಗಿನ ಮುಂದೆ ಹೂಳು ಹಿಡಿಯುವ ಗುಂಡಿ, ಅದಕ್ಕೆ ಲಾರಿ ಹೋಗುವ ದಾರಿ. ಐದು ವರ್ಷದ ಕೊಯ್ಲು ಟೆಂಡರ್‌ನಲ್ಲೇ ಇರಬೇಕು, ಬಿಲ್ ಆಗುವುದು ಹೊರಗೆ ಸಾಗಿಸಿದ ತೂಕದ ಮೇಲೆ. ವೇಬ್ರಿಡ್ಜ್ ಚೀಟಿ ಇಲ್ಲದೆ ದುಡ್ಡಿಲ್ಲ. ನೀರಿನ ಪರೀಕ್ಷೆ ಜೌಗಿನ ಮುಂಚೆ ಒಂದು, ಆಮೇಲೆ ಒಂದು, ಎರಡರಲ್ಲೂ ರಂಜಕದ ಸಾಲು ಇರಬೇಕು.

ಕೋಲಾರದ_ಹೊಲ:
ತೂಕದ ಮೇಲೆ ಬಿಲ್ ಅಂದರೆ ಹಸಿ ತೂಕ ತೋರಿಸುತ್ತಾರೆ. ಒಣ ತೂಕ ಅಂತ ಬರೆಸಿ.

ಲೇಔಟ್_ಸೆಕ್ರೆಟರಿ:
ಒಣಗಿಸುವುದಕ್ಕೆ ಜಾಗ ಎಲ್ಲಿ? ನಕ್ಷೆಯಲ್ಲಿ ಖಾಲಿ ಇರುವುದು ಜೋಕಾಲಿ ಜಾಗ, ಅದಕ್ಕೆ ಕೈ ಹಾಕಿದರೆ ಅಮ್ಮಂದಿರು ನನ್ನನ್ನು ಬಿಡುವುದಿಲ್ಲ.

ಬಾಲ್ಕನಿವಾಸಿ:
ನಮ್ಮ ಅಪಾರ್ಟ್‌ಮೆಂಟ್ ಹಿಂದೆ ಸೈಟ್ ಖಾಲಿ ಇದೆ, ಕಾಂಪೌಂಡ್ ಕೂಡ ಇದೆ. ಓನರ್ ನಂಬರ್ ನಮ್ಮ ಸೆಕ್ಯುರಿಟಿ ಹತ್ತಿರ ಇರಬೇಕು, ಸಂಜೆ ಕೇಳಿ ನೋಡುತ್ತೇನೆ. ವಾಸನೆ ಬಂದರೆ ಮಾತ್ರ ನಾನೇ ಮೊದಲು ಜಗಳಕ್ಕೆ ಬರುತ್ತೇನೆ.